ಎಡಗಾಲಿಯ ಹೊರ ಅಂಚು

ಏಣು, ಗೀರು, ಏಣು, ಗೀರು, ಆಮೇಲೆ ಏನೂ ಇಲ್ಲ, ಬರೀ ನುಣುಪು, ಬೆರಳು ಟೈರಿನ ಹೊರ ಅಂಚಿಗೆ ಜಾರುತ್ತದೆ, ಅಲ್ಲಿ ರಬ್ಬರನ್ನು ಸೀಳಿಕೊಂಡು ಬಂದ ತಂತಿಯ ಎಳೆಯೊಂದು ಚುಚ್ಚುತ್ತದೆ, ರಕ್ತ, ಇರಲಿ ಬಿಡು, ಆರ್ವಿಡ್ ಥೋರ್ಸನ್ ಬೆರಳನ್ನು ಬಾಯಿಗಿಟ್ಟುಕೊಂಡು ಮರುಭೂಮಿಯ ಮಣ್ಣಿನಲ್ಲಿ ಹಾಗೇ ಕುಳಿತಿದ್ದಾನೆ, ತಲೆಯ ಮೇಲೆ ಟ್ರೇಲರಿನ, ಅವರ ಗಾಲಿಮನೆಯ, ತಗಡಿನ ಗೋಡೆ, ಗೋಡೆಯ ಆಚೆ ಹಾಸಿಗೆ, ಹಾಸಿಗೆಯಲ್ಲಿ ಹೆಂಡತಿ ಲೆನೋರಾ, ಅವಳ ಉಸಿರು ಇಲ್ಲಿಗೂ ಕೇಳುತ್ತದೆ, ಹಳೆಯ ಪಂಪಿನ ಹಾಗೆ, ಎಳೆದು, ನಿಂತು, ಮತ್ತೆ ಎಳೆದು. ಬಲಗಡೆಯ ಟೈರು ಹೊಸದರಂತಿದೆ, ಎಡಗಡೆಯದು ಮಾತ್ರ ಹೀಗೆ, ಅದೂ ಹೊರ ಅಂಚು ಮಾತ್ರ. ಚಳಿಗಾಲ ಪೂರ್ತಿ ಅರಿಜೋನಾದ ಈ ಬಿಸಿಲಿಗೆ ರಬ್ಬರು ಬಿರಿಯದಿರಲಿ ಎಂದು ಎರಡೂ ಗಾಲಿಗೆ ಬಿಳಿ ಮುಸುಕು ಹೊದಿಸಿದ್ದ, ನಿನ್ನೆ ಹೊರಡುವ ಸಿದ್ಧತೆಗೆ ಮುಸುಕು ತೆಗೆದಾಗಲೇ ಕಂಡದ್ದು. ಊರಿರುವ ಉತ್ತರ ಡಕೋಟಾ ಎಲ್ಲಿ, ಇಲ್ಲೆಲ್ಲಿ, ಇಂಥ ಗಾಲಿಯ ಮೇಲೆ ಅವಳನ್ನು ಮಲಗಿಸಿ ಎಳೆದುಕೊಂಡು ಹೋಗುವುದು ಹೇಗೆ, ಹೋಗುವುದಾದರೆ ಈ ವಾರವೇ ಹೋಗಿ ಎಂದು ಅವಳನ್ನು ನೋಡಲು ಬರುವ ನರ್ಸಮ್ಮ ಹೇಳಿದ್ದಾಳೆ, ಹೇಳುವಾಗ ಅವನ ಮುಖ ನೋಡಲಿಲ್ಲ, ತನ್ನ ಚೀಲದ ಜಿಪ್ಪನ್ನು ನೋಡಿದಳು. ನನ್ನನ್ನ ಇಲ್ಲಿ ಸಾಯೋಕೆ ಬಿಡಬೇಡ ಆರ್ವಿಡ್, ನಮ್ಮ ಚರ್ಚಿನ ಗಂಟೆ ಕೇಳಿಸಬೇಕು ನಂಗೆ, ಅಂದಿದ್ದಳು ಲೆನೋರಾ. ಕೇಳಿಸ್ತೀನಿ ಕಣೆ ಅಂದಿದ್ದ. ಮಾತು ಕೊಟ್ಟವನು ಮಣ್ಣಿನಲ್ಲಿ ಕುಳಿತಿದ್ದಾನೆ. ಕರ್ತನೇ, ಒಂದು ಗಾಲಿ, ನಿನ್ನನ್ನು ಕೇಳುತ್ತಿರುವುದು ಒಂದು ಗಾಲಿ ಅಷ್ಟೇ.

ಗಾಳಿ ಕಡಿಮೆಯಾಗಿದ್ದರೆ ಎರಡೂ ಅಂಚು ಸವೆಯಬೇಕು, ಹೆಚ್ಚಾಗಿದ್ದರೆ ನಡುವೆ ಸವೆಯಬೇಕು, ಗಾಳಿ ಸರಿ ಇದೆ, ಹಾಗಾದರೆ ಭಾರ, ಎಡಗಡೆ ಭಾರ, ಎಡಗಡೆ ಏನಿದೆ, ಅವಳ ಮಂಚ, ಮಂಚದ ಕೆಳಗೆ ಅವಳು ವರ್ಷಗಳಿಂದ ಕೂಡಿಟ್ಟ ಕಲ್ಲು. ನಿನ್ನೆ ಈ ಯೋಚನೆ ಬಂದ ಕೂಡಲೇ ಅವನಿಗೆ ಒಂದು ಬಗೆಯ ಸಮಾಧಾನವಾಗಿತ್ತು. ಕಲ್ಲೆಂದರೆ ಅವನಿಗೆ ಹಗೆ. ಪ್ರತಿ ವಸಂತದಲ್ಲೂ ಹೊಲದ ಹಿಮ ಕರಗಿದರೆ ಮಣ್ಣು ಕಲ್ಲುಗಳನ್ನು ಮೇಲಕ್ಕೆ ಉಗುಳುತ್ತಿತ್ತು, ಅಪ್ಪ ಬಂಡಿಯ ಮುಂದೆ, ಅವನು ಹಿಂದೆ, ಬಗ್ಗಿ ಎತ್ತು, ಎಸೆ, ಬಗ್ಗಿ ಎತ್ತು, ಎಸೆ, ಗೋಧಿ ಬಿತ್ತುವ ಮೊದಲು ಬಿತ್ತುವವನ ಬೆನ್ನು ಮುರಿಯುತ್ತಿತ್ತು. ಮದುವೆಯಾಗಿ ಬಂದವಳು ಮುದುಕಿಯಾದ ಮೇಲೆ ಪ್ರತಿ ಚಳಿಗಾಲಕ್ಕೂ ಈ ಮರುಭೂಮಿಗೆ ಬಂದು ಅದೇ ಕಲ್ಲನ್ನು ಆರಿಸಿ ಆರಿಸಿ ಒಳಕ್ಕೆ ತರುತ್ತಾಳೆ. ನೆಲದಿಂದ ಎತ್ತಿ, ಧೂಳು ಒರೆಸಿ, ನಾಲಿಗೆಯ ತುದಿ ತಾಕಿಸುತ್ತಾಳೆ, ಇಲ್ಲಿ ಕಲ್ಲು ಆರಿಸುವವರೆಲ್ಲ ಹಾಗೇ, ಒದ್ದೆಯಾದರೆ ತಾನೆ ಬಣ್ಣ ತಿಳಿಯುವುದು, ಬೂದಿಯಂಥ ಕಲ್ಲು ಅವಳ ನಾಲಿಗೆ ತಾಕಿದಲ್ಲಿ ಕೆಂಪಾಗುತ್ತದೆ, ನೋಡು ನೋಡು ಬೇಗ ಎನ್ನುತ್ತಾಳೆ, ಅವನು ಬರುವಷ್ಟರಲ್ಲಿ ಒಣಗಿರುತ್ತದೆ. ನಾನು ಆಯುಷ್ಯವೆಲ್ಲ ಹೊರಗೆ ಎಸೆದದ್ದನ್ನ ನೀನು ಒಳಗೆ ತುಂಬ್ತಿದೀಯ ಅಂತ ಅವನು, ನಿನ್ನ ಹೊಲದ ಕಲ್ಲಿಗೆ ಯಾರೂ ಮುತ್ತು ಕೊಟ್ಟಿಲ್ಲ, ಅದಕ್ಕೇ ಅವು ಹಾಗೆ ಅಂತ ಅವಳು. ನಿನ್ನೆ ಅವನು ಬಕೆಟ್ಟು ಬಕೆಟ್ಟಾಗಿ ಹೊತ್ತು ಹಿಂದಿನ ಒಣಹಳ್ಳಕ್ಕೆ ಸುರಿದ. ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು, ಪ್ರತಿ ಬಕೆಟ್ಟಿಗೂ ಮಂಚ ಸ್ವಲ್ಪ ಅಲುಗುತ್ತಿತ್ತು, ಬೇಡ ಅನ್ನಲಿಲ್ಲ, ಕೊನೆಯ ಬಕೆಟ್ಟಿಗೆ ಮಾತ್ರ ಮೆಲ್ಲಗೆ, ಮನೆ ಮುಟ್ಟೋಕೆ ಅಂತಾದ್ರೆ ಆಗಲಿ ಅಂದಳು.

ಈಗ ಕ್ಲೀಟಸ್ ಬರುತ್ತಿದ್ದಾನೆ, ಪಕ್ಕದ ಟ್ರೇಲರಿನವನು, ಒಕ್ಲಹೋಮಾದಲ್ಲಿ ಲಾರಿ ಓಡಿಸಿ ಮುದುಕನಾದವನು, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ತುದಿಗೆ ನಟ್ಟು ಕಟ್ಟಿದ ದಾರ. ಏನಯ್ಯ, ಟೈರಿಗೆ ಪ್ರಾರ್ಥನೆ ಮಾಡ್ತಿದೀಯಾ, ನಿಮ್ಮ ಲೂಥರನ್ ಚರ್ಚಿನ ದೇವರು ಪಂಕ್ಚರ್ ಹಾಕಲ್ಲ, ಸರಿ ಆ ಕಡೆ. ನಿನ್ನೆ ಭಾರ ಇಳಿಸುವ ಮೊದಲೂ ಕ್ಲೀಟಸ್ ಈ ದಾರವನ್ನು ಗಾಲಿಯ ನೆತ್ತಿಯಿಂದ ಇಳಿಬಿಟ್ಟಿದ್ದ, ದಾರಕ್ಕೂ ಗಾಲಿಯ ಬುಡಕ್ಕೂ ನಡುವೆ ಬೆರಳು ತೂರುವಷ್ಟು ಸಂದು, ನೆತ್ತಿ ಹೊರಕ್ಕೆ ವಾಲಿದೆ ಅಂದಿದ್ದ, ಭಾರವಯ್ಯ ಭಾರ, ಕಲ್ಲಿನ ಭಾರ ಅಂತ ಆರ್ವಿಡನೇ ಮಾತು ಮುಗಿಸಿದ್ದ. ಈಗ ಮತ್ತೆ ದಾರ ಇಳಿಯುತ್ತದೆ, ನಟ್ಟು ತೂಗಿ ತೂಗಿ ನಿಲ್ಲುತ್ತದೆ, ಕ್ಲೀಟಸ್ ಬೆರಳು ತೂರಿಸಿ ನೋಡುತ್ತಾನೆ, ಕಾಫಿಯನ್ನು ನೆಲಕ್ಕಿಡುತ್ತಾನೆ. ಸಂದು ಹೆಚ್ಚಾಗಿದೆ. ಇಳಿಸಿದ ಮೇಲೆ ಇನ್ನೂ ವಾಲಿದೆ ಕಣಯ್ಯ. ಭಾರಕ್ಕೆ ಎರಡು ಗಾಲಿ ನಡುವಿನ ಅಚ್ಚು ಬಗ್ಗಿದ್ರೆ ನೆತ್ತಿ ಒಳಕ್ಕೆ ಬರಬೇಕು, ಒಳ ಅಂಚು ಸವೀಬೇಕು, ಇದು ತಿರುಗುಮುರುಗು, ಆ ಕಲ್ಲು ಇದನ್ನ ಅಷ್ಟೋ ಇಷ್ಟೋ ಒತ್ತಿ ಹಿಡಿದಿತ್ತು ಅಂತ ಕಾಣ್ಸತ್ತೆ. ಹೇಳುತ್ತಲೇ ಅವನು ಅಂಗಾತ ಮಲಗಿ ಅಡಿಗೆ ತೂರುತ್ತಾನೆ, ಬೂಟು ಮಾತ್ರ ಹೊರಗೆ, ಟಾರ್ಚಿನ ಬೆಳಕು ಅಚ್ಚಿನ ಉದ್ದಕ್ಕೂ ಹರಿಯುತ್ತದೆ, ನಿಲ್ಲುತ್ತದೆ. ಇಲ್ಲಿ ಅಚ್ಚು ಮೇಲಕ್ಕೆ ಉಬ್ಬಿದೆ, ಯಾರಯ್ಯ ಇಲ್ಲಿ ಜಾಕಿ ಕೊಟ್ಟೋರು.

ಜಾಕಿ, ಊರ ಮನೆಯ ಅಕ್ಟೋಬರಿನ ಅಂಗಳ, ಹಿಮ ಬೀಳುವ ಮೊದಲು ಹೊರಡಬೇಕು, ಬೇರಿಂಗಿಗೆ ಗ್ರೀಸು ತುಂಬಬೇಕು, ಎಡಗಾಲಿ ಎತ್ತಬೇಕು, ಹುಲ್ಲಿನ ಬಂಡಿಗೆ ಕೊಡುವ ಹಾಗೆ ಜಾಕಿಯನ್ನು ಅಚ್ಚಿನ ಕೆಳಗೇ ಕೊಟ್ಟಿದ್ದ, ಅಪ್ಪನೂ ಹಾಗೇ ಕೊಡುತ್ತಿದ್ದ, ಊರಿನ ಯಾವ ರೈತನಾದರೂ ಹಾಗೇ, ಬಂಡಿಯ ಅಚ್ಚು ಗಟ್ಟಿ ಉಕ್ಕು, ಟ್ರೇಲರಿನದು ಟೊಳ್ಳು ಕೊಳವೆ, ಜಾಕಿ ಕೊಡಬೇಕಾದದ್ದು ಮೇಲಿನ ಚೌಕಟ್ಟಿಗೆ, ಗೊತ್ತಿತ್ತೇ, ಗೊತ್ತಿದ್ದಿರಬೇಕು, ಕೈಗೆ ಗೊತ್ತಿರಲಿಲ್ಲ. ಒಂದು ಸಣ್ಣ ಸದ್ದಾಗಿತ್ತು, ಜಾಕಿಯ ಕೆಳಗಿನ ಮರದ ಹಲಗೆ ಬಿರಿದದ್ದು ಅಂದುಕೊಂಡಿದ್ದ. ಲೆನೋರಾ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕುಳಿತಿದ್ದಳು, ಬೇಗ ಮುಗಿಸು ಚಳಿ ಅಂದಳು, ಅವನು ಬೇಗ ಮುಗಿಸಿದ. ಆ ಬಾಗಿದ ಅಚ್ಚಿನ ಮೇಲೆಯೇ ಇಲ್ಲಿಯವರೆಗೆ ಬಂದರು, ಅಂಚು ದಾರಿಯುದ್ದಕ್ಕೂ ತೇಯುತ್ತ ಬಂತು, ಬಂದ ಸಂಜೆಯೇ ಮುಸುಕು ಹಾಕಿದ. ಕರ್ತನೇ, ಕಲ್ಲಲ್ಲ. ಕಲ್ಲಲ್ಲ.

ಮಧ್ಯಾಹ್ನ ಪಟ್ಟಣದಿಂದ ಬಂದ ರಿಪೇರಿಯವನಿಗೆ ದೊಡ್ಡ ಕೆಲಸವೇನಲ್ಲ ಇದು, ಅಡಿಯಲ್ಲಿ ಕಬ್ಬಿಣದ ತೊಲೆ, ಅಚ್ಚಿನ ಉಬ್ಬಿಗೆ ಸರಪಳಿ, ತುದಿಗೆ ಒತ್ತುಯಂತ್ರ, ಕೊಳವೆ ಒಮ್ಮೆ ನರಳುತ್ತದೆ, ದಾರ ನೋಡು, ಇನ್ನೊಂದು ಚೂರು, ದಾರ ನೋಡು, ಈಗ ಬಲಗಡೆಯಷ್ಟೇ ಸಂದು, ಹೊಸ ಟೈರು ಏರುತ್ತದೆ, ಊರು ಮುಟ್ಟೋವರೆಗೂ ಚಿಂತೆ ಇಲ್ಲ ಅಜ್ಜ ಎನ್ನುತ್ತಾನೆ, ಹೋಗುತ್ತಾನೆ, ಇಷ್ಟೇ, ಒಂದು ಮಧ್ಯಾಹ್ನದ ಕೆಲಸ. ನಾಳೆ ಬೆಳಿಗ್ಗೆ ಹೊರಡೋದು ಎಂದು ಹೇಳಲು ಒಳಗೆ ಹೋದರೆ ಅವಳು ಎಚ್ಚರವಾಗಿದ್ದಾಳೆ, ಮುಖ ಕಿಟಕಿಯ ಬೆಳಕಿಗೆ ಕಾಗದವಾಗಿದೆ, ತುಟಿ ಒಣಗಿದೆ, ಅವನು ಬಟ್ಟೆಯನ್ನು ನೀರಿಗೆ ಅದ್ದಿ ತಾಕಿಸುತ್ತಾನೆ, ನಾಲಿಗೆಯ ತುದಿ ಹೊರಗೆ ಬಂದು ನೀರನ್ನು ಮುಟ್ಟುತ್ತದೆ. ಕಲ್ಲಿಂದಲೇ ಆಗಿತ್ತಾ ಎನ್ನುತ್ತಾಳೆ. ಅವನು ಬಟ್ಟೆ ಹಿಂಡುತ್ತಾನೆ. ಹೋಗಲಿ ಬಿಡು, ನನ್ನ ಸಮಾಧಿ ಮೇಲೆ ತಲೆ ಹತ್ರ ಇಡೋಕೆ ಅಂತ ಆರಿಸಿದ್ದೆ, ನಮ್ಮೂರಲ್ಲಿ ಹೂವು ಎಷ್ಟು ಹೊತ್ತು ನಿಲ್ಲತ್ತೆ, ಒಂದು ಹಿಮಕ್ಕೆ ಕಪ್ಪು, ಕಲ್ಲಾದ್ರೆ ಮಳೆ ಬಂದಾಗೆಲ್ಲ ಬಣ್ಣ ಬರತ್ತೆ, ಹೇಳಿದ್ನಲ್ಲ. ಹೇಳಿದ್ದಳು, ಹೋದ ಚಳಿಗಾಲದಲ್ಲಿ, ಅವನು ತಮಾಷೆ ಅಂದುಕೊಂಡಿದ್ದ, ಕಲ್ಲಿಂದಲ್ಲ ಕಣೆ ನನ್ನಿಂದ ಅನ್ನಬೇಕು, ಅವನು ಬಕೆಟ್ಟು ಎತ್ತಿಕೊಳ್ಳುತ್ತಾನೆ.

ಒಣಹಳ್ಳ, ಬಿಸಿಲು ಓರೆಯಾಗಿದೆ, ಸುರಿದದ್ದು ಇಲ್ಲಿ, ಇಲ್ಲೇ, ಈ ಪೊದೆಯ ಪಕ್ಕ, ಅಥವಾ ಆ ಪೊದೆ, ಇಳಿಜಾರಿನಲ್ಲಿ ಉರುಳಿ ಹರಡಿವೆ, ಹಳ್ಳದ ತುಂಬ ಕಲ್ಲು, ದೇವರು ಸುರಿದದ್ದೂ ಅವನು ಸುರಿದದ್ದೂ ಒಂದೇ ಬೂದಿ, ಬಗ್ಗಿ ಎತ್ತು, ಇದಲ್ಲ, ಬಗ್ಗಿ ಎತ್ತು, ಇದೋ, ಅಂಗಿಯ ತೋಳಿಗೆ ಒರೆಸುತ್ತಾನೆ, ಏನೂ ಕಾಣುವುದಿಲ್ಲ, ಬೆನ್ನ ಹಿಂದೆ ಕ್ಲೀಟಸ್ ಕರೆಯುತ್ತಿದ್ದಾನೆ, ಆರ್ವಿಡ್, ಬಾರಯ್ಯ ಬೇಗ, ಅವಳು ನಿನ್ನ ಕೇಳ್ತಿದಾಳೆ, ಬೇಗ, ಹೋಗಬೇಕು, ಒಂದಾದರೂ, ಅವಳದ್ದು ಒಂದಾದರೂ, ಅವನು ಕಲ್ಲನ್ನು ಬಾಯಿಗೆ ತರುತ್ತಾನೆ, ಉಪ್ಪು, ಧೂಳು, ನಾಲಿಗೆ ತಾಕಿದಲ್ಲಿ ಕೆಂಪು, ಇದೇ, ಇದೇ ಇರಬೇಕು, ಪಕ್ಕದ್ದನ್ನು ಎತ್ತಿ ನಾಲಿಗೆಗಿಡುತ್ತಾನೆ, ಅದೂ ಕೆಂಪು, ಅದರ ಪಕ್ಕದ್ದೂ, ಅದರ ಪಕ್ಕದ್ದೂ, ಬೇಗ ಆರ್ವಿಡ್, ಕೆಂಪು, ಒಣಗುತ್ತದೆ, ಕೆಂಪು, ಒಣಗುತ್ತದೆ, ಅಂಗೈಯಲ್ಲಿ ಒದ್ದೆ ಕಲ್ಲು, ಅವಳದ್ದೋ, ಹಳ್ಳದ್ದೋ.