ಬುಲಾಕ್ ಇನ್ನೂ ನಡೆಯುತ್ತಿದ್ದಾನೆ

ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿಡಿದಿದ್ದರೂ ತಟ್ಟೆಯ ಬಿಸಿ ಅಂಗೈಗೆ ತಾಗುತ್ತಿದೆ, ತಾಗಲಿ, ಆರಿ ತಣ್ಣಗಾದ ಮಾಂಸ ಕೊಡುವುದು ಮರ್ಯಾದೆಯಲ್ಲ, ಅದರಲ್ಲೂ ಈ ಮಾಂಸವನ್ನು, ಆ ಮನೆಗೆ — ಕಾಲುವೆಯ ಏರಿ ಹತ್ತಿ ಪೂರಿಂಗ್ ಬೀಸುಗಾಲು ಹಾಕಿದಳು, ಎದೆಯ ಜೇಬಿನಲ್ಲಿ ಫೋನು ಗುಂಯ್ ಎಂದಿತು, ಅದರೊಳಗಿನ ಹೆಂಗಸು ಅರ್ಧ ಕಿಲೋಮೀಟರು ಎಂದಳು, ಅಷ್ಟಕ್ಕೇ ಬಾಯಿ ಮುಚ್ಚುವ ಜಾಯಮಾನ ಅವಳದ್ದಲ್ಲ, ಬುಲಾಕ್ ಇಂದು ಹತ್ತೊಂಬತ್ತು ಕಿಲೋಮೀಟರು ಎಂದು ಸೇರಿಸಿದಳು. ಭೇಷ್, ಸತ್ತ ನಾಯಿ ಬದುಕಿರುವ ಯಜಮಾನಿಗಿಂತ ಹೆಚ್ಚು ನಡೆಯುತ್ತಿದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ, ದಿನಾ ನಡೀರಿ ಎಂದು ಡಾಕ್ಟರು ಹೇಳಿದ್ದು, ಅಮ್ಮ ನಡೆಯುತ್ತಾಳೋ ಇಲ್ಲವೋ ನೋಡಬೇಕೆಂದು ಲಿವಾಯ್ ತೈಪೆಯಿಂದ ಫೋನು, ಗುಂಡಿ ಎರಡನ್ನೂ ಕಳಿಸಿದ್ದು — ಅಲ್ಲಿ ಯಾರದೋ ಅಮ್ಮನ ಬೆನ್ನು ತಿಕ್ಕುತ್ತ ಇಲ್ಲಿ ತನ್ನ ಅಮ್ಮನ ಹೆಜ್ಜೆ ಕಾಯುವ ಮಗಳು — ಅಮ್ಮಾ, ಫೋನು ನಿನ್ನ ನಡಿಗೆ ಅಳೆಯುತ್ತೆ, ಈ ಗುಂಡಿ ಬುಲಾಕ್ ನಡಿಗೆ ಅಳೆಯುತ್ತೆ, ಕೊರಳಪಟ್ಟಿಗೆ ಸಿಕ್ಕಿಸು, ನಿಮ್ಮಿಬ್ರಲ್ಲಿ ಯಾರು ಕಳ್ಳಾಟ ಆಡಿದ್ರೂ ನಂಗೆ ಇಲ್ಲೇ ಗೊತ್ತಾಗುತ್ತೆ. ಫೋನಿನ ನಕ್ಷೆಯಲ್ಲಿ ಎರಡು ಚುಕ್ಕಿ, ನೀಲಿಯದು ಅವಳು, ಕಿತ್ತಳೆಯದು ಬುಲಾಕ್, ಬುಲಾಕ್ ಎಂದರೆ ಹತ್ತಿ, ಅಷ್ಟು ಬೆಳ್ಳಗಿದ್ದ, ಸಂಜೆಯಾದರೆ ಎರಡೂ ಚುಕ್ಕಿ ಈ ಏರಿಯ ಮೇಲೆ ಹಿಂದೆ ಮುಂದೆ, ಅವನು ಪ್ರತಿ ಬಾಳೆಗಿಡಕ್ಕೂ ಕಾಲೆತ್ತಿ ಹಿಂದುಳಿಯುತ್ತಿದ್ದ, ಆಮೇಲೆ ಓಡಿಬಂದು ಅವಳ ಮೀನಖಂಡಕ್ಕೆ ಒದ್ದೆ ಮೂಗು ಒತ್ತುತ್ತಿದ್ದ, ಈಗಲೂ ಅಲ್ಲಿ ತಣ್ಣಗೆ ಏನೋ ತಗುಲಿದ ಹಾಗಾಗುತ್ತದೆ, ಅವಳು ತಿರುಗಿ ನೋಡುವುದಿಲ್ಲ.

ತಟ್ಟೆ ಅವರದೇ, ನೀಲಿ ಅಂಚಿನದು, ದುಲ್ಫೊನ ಹೆಂಡತಿ ಸಾಬೆಲ್ ಮುಚ್ಚಿಕೊಂಡು ತಂದಿದ್ದಳು, ನಮ್ಮ ದಾತು ಗೆದ್ದ, ಕುಮಾರೆ, ಇವ್ರು ಮೇಕೆ ಕಡಿಸಿದ್ರು, ಬಿಸಿ ಇರುವಾಗ್ಲೇ ತಿನ್ನಿ — ದಾತು ಎಂದರೆ ದುಲ್ಫೊನ ಕಾಳಗದ ಹುಂಜ, ಅದಕ್ಕೆ ಮೊಟ್ಟೆ, ಜೋಳ, ಬೆಳಗಿನ ಬಿಸಿಲು, ಎಣ್ಣೆ ಹಚ್ಚಿ ನೀವುವುದು, ಕಟ್ಟಿಕೊಂಡವಳಿಗೆ ಇಲ್ಲದ ಉಪಚಾರವೆಲ್ಲ ಅದಕ್ಕೆ. ದುಲ್ಫೊ ಬೇರೆಯವನಲ್ಲ, ಜ್ಞಾನಸ್ನಾನದ ದಿನ ಲಿವಾಯ್‌ಳನ್ನು ಎತ್ತಿ ಹಿಡಿದ ಧರ್ಮತಂದೆ, ಲಿವಾಯ್‌ಗೆ ಅವನು ನಿನೊಂಗ್, ಪೂರಿಂಗ್‌ಗೆ ಅವತ್ತಿನಿಂದ ಕುಂಪಾರೆ, ಅವಳು ಅವರಿಬ್ಬರಿಗೂ ಕುಮಾರೆ, ರಕ್ತದ ನಂಟಾದರೂ ಜಗಳದಲ್ಲಿ ಹರಿದೀತು, ಇದು ಹರಿಯುವುದಿಲ್ಲ. ಕುಂಪಾರೆಯ ಮನೆಯಿಂದ ಬಂದ ತಟ್ಟೆಯನ್ನು ಯಾರಾದರೂ ಮೂಸಿ ನೋಡುತ್ತಾರೆಯೆ, ಪೂರಿಂಗ್ ತಿಂದಳು, ಎರಡನೆಯ ಸಲ ಅನ್ನ ಹಾಕಿಕೊಂಡು ತಿಂದಳು, ಖಾರ ಚೆನ್ನಾಗಿ ಹಿಡಿದಿದೆ ಎಂದು ಗೋಡೆಯ ಮೇಲಿನ ಗಂಡನ ಪಟಕ್ಕೆ ಹೇಳಿದಳು, ಆಮೇಲೆ ಎಲುಬುಗಳನ್ನೆಲ್ಲ ತಟ್ಟೆಯಲ್ಲಿ ಒಟ್ಟುಮಾಡಿ ಹಿಂದಿನ ಮೆಟ್ಟಿಲ ಮೇಲೆ ನಿಂತು ಕರೆದಳು, ಬುಲಾಕ್, ಬಾರೋ, ಬಾರೋ ನನ್ನ ರಾಜ, ನಿಂಗೇ ಇಟ್ಟಿದ್ದೀನಿ — ಬೇಡ, ಅದು ಈಗ ಬೇಡ, ಕಾಲು ನೋಡಿಕೊಂಡು ನಡೆ, ಏರಿಯ ಮೇಲೆ ಕೆಸರಿದೆ. ಮಾರನೆಯ ಬೆಳಿಗ್ಗೆ ಲಿವಾಯ್ ಫೋನು, ಅಮ್ಮಾ, ನಿನ್ನೆ ನಿನ್ನ ಬಿಟ್ಟು ಒಬ್ನೇ ಹೋಗಿದ್ದಾನೆ ನೋಡು, ನಿನೊಂಗ್ ಮನೆಗೆ, ಮಧ್ಯಾಹ್ನವೆಲ್ಲ ಅಲ್ಲೇ ಠಿಕಾಣಿ, ಏನೋ ಒಳ್ಳೇದು ಬೇಯಿಸ್ತಿದ್ರು ಅನ್ಸುತ್ತೆ, ಎಂದು ನಕ್ಕಳು. ಒಳ್ಳೆಯದೇ ಬೇಯಿಸುತ್ತಿದ್ದರು. ಪೂರಿಂಗ್ ಕನ್ನಡಕ ಹಾಕಿ ನೋಡಿದಳು, ಕಿತ್ತಳೆ ಗೆರೆ ಅವಳ ಗೇಟಿನಿಂದ ಹೊರಟು ಏರಿಯುದ್ದ ಹೋಗಿ ದುಲ್ಫೊನ ಹಿತ್ತಿಲ ಅಡುಗೆಮನೆಯಲ್ಲಿ ನಿಂತಿತ್ತು, ಯಾವ ಬಾಳೆಗಿಡದ ಹತ್ತಿರವೂ ತಡೆದಿರಲಿಲ್ಲ, ನೆಟ್ಟಗೆ ಹೋಗಿತ್ತು, ಕೊರಳಿಗೆ ಹಗ್ಗ ಹಾಕಿ ಎಳೆದವರ ಹಿಂದೆ ಹೋದ ಹಾಗೆ. ಗಂಟಲಿಗೆ ಬೆರಳು ತುರುಕಿದಳು, ಏನೂ ಬರಲಿಲ್ಲ, ರಾತ್ರಿ ಕಳೆದಿತ್ತು, ತಿಂದದ್ದು ಆಗಲೇ ಮೈಗೆ ಸೇರಿಹೋಗಿತ್ತು.

ಆಮೇಲೆ ಸತ್ತವನು ಓಡಾಡತೊಡಗಿದ. ಕಿತ್ತಳೆ ಚುಕ್ಕಿ ಬೆಳಿಗ್ಗೆ ಎದ್ದು ಚರ್ಚಿನ ಮುಂದೆ, ಅಲ್ಲಿಂದ ಸಂತೆಗೆ, ಸಂತೆಯಿಂದ ಹೆದ್ದಾರಿಗೆ, ಅಮ್ಮಾ, ಇವತ್ತು ನಲವತ್ತು ಕಿಲೋಮೀಟರ್ ನಡೆದಿದ್ದಾನೆ, ಏನು ತಿನ್ನಿಸ್ತಿದ್ದೀಯ ಅವನಿಗೆ, ನಂಗೂ ಒಂದು ಡಬ್ಬಿ ಕಳ್ಸು — ಗುಂಡಿ ಕೆಟ್ಟಿದೆಯೇನೋ ಮಗಳೇ, ಎಂದಳು ಪೂರಿಂಗ್, ಮತ್ತೇನು ಹೇಳಿಯಾಳು, ಚರ್ಚಿನ ಮುಂದೆ ಹೋಗಿ ನೋಡಿದರೆ ದುಲ್ಫೊ ತನ್ನ ಮೂರು ಗಾಲಿಯ ಬಾಡಿಗೆ ಗಾಡಿಯ ಮೇಲೆ ಕಾಲು ಚಾಚಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದಾನೆ, ಕೀಲಿಗೊಂಚಲಲ್ಲಿ ಗುಂಡಿ ತೂಗುತ್ತಿದೆ, ಬುಲಾಕ್‌ನ ಕೆಂಪು ಕೊರಳಪಟ್ಟಿಯ ತುಂಡಿನ ಸಮೇತ. ಚೆಂದ ಕಂಡಿತು, ಇಟ್ಟುಕೊಂಡ, ಅದು ಏನು ಮಾಡುತ್ತದೆಂಬ ಯೋಚನೆ ಆ ಬುರುಡೆಗೆ ಹೊಳೆಯಲಿಲ್ಲ. ಬುಲಾಕ್ ಸಿಗ್ಲಿಲ್ವಾ ಕುಮಾರೆ, ಪಾಪ, ಯಾವ್ದೋ ಹೆಣ್ಣುನಾಯಿ ಹಿಂದೆ ಹೋಗಿರ್ಬೇಕು, ಗಂಡು ಜಾತಿ ಅಲ್ವಾ, ಬರ್ತಾನೆ ಬಿಡಿ. ಬೆಣ್ಣೆ ಸವರಿದ ಮಾತು. ಉಂಡ ಮನೆಗೆ ಎರಡು ಬಗೆಯುವವರನ್ನು ಕಂಡಿದ್ದಳು, ಉಣಿಸಿ ಎರಡು ಬಗೆಯುವವನನ್ನು ಅವತ್ತೇ ಕಂಡದ್ದು. ಪಂಚಾಯಿತಿಗೆ ಹೋದರೆ ಏನಂದಾರು, ಒಂದು ನಾಯಿಗೋಸ್ಕರ ಕುಂಪಾರೆ ಮೇಲೆ ದೂರಾ ಅಂದಾರು, ನೀವೂ ತಿಂದ್ರಂತಲ್ಲ, ರುಚಿ ಹೇಗಿತ್ತು ಅಂದಾರು, ಊರು ನಗಲು ಅಷ್ಟು ಸಾಕು. ಆದ್ದರಿಂದ ಬಾಯಿ ಹೊಲಿದುಕೊಂಡಳು, ಸಂಜೆ ಒಬ್ಬಳೇ ನಡೆದಳು, ದಿನವೂ ಮೊಂಬತ್ತಿ ಹಚ್ಚಿ ಸತ್ತವರಿಗೆ ಮಾಡುವ ಒಂಬತ್ತು ದಿನದ ಜಪ ಮಾಡಿದಳು, ನಾಯಿಗೆ ಜಪ ಮಾಡುತ್ತಾರೆಯೇ ಎಂದು ಪಾದ್ರಿಯನ್ನು ಕೇಳಲಿಲ್ಲ, ಮಣಿ ಎಣಿಸುತ್ತ ಎಣಿಸುತ್ತ ಕಿತ್ತಳೆ ಚುಕ್ಕಿಯನ್ನೇ ನೋಡಿದಳು, ಯಾವ ಹೊತ್ತಿಗೆ ಎಲ್ಲಿ ಹೋಗುತ್ತದೆ, ಯಾವ ಹೊತ್ತಿಗೆ ಮನೆಯಿಂದ ದೂರ ಇರುತ್ತದೆ.

ಇವತ್ತು ಒಂಬತ್ತನೆಯದು, ಸತ್ತವರ ಹೆಸರಲ್ಲಿ ಅಡುಗೆ ಮಾಡಿ ಹಂಚುವ ದಿನ. ಬೆಳಿಗ್ಗೆ ಚುಕ್ಕಿ ಸಂತೆಯ ಆಚೆ ಇತ್ತು, ಸಾಬೆಲ್ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು, ಅವರ ಹಿತ್ತಿಲಲ್ಲಿ ಗೂಟಕ್ಕೆ ಕಾಲು ಕಟ್ಟಿಸಿಕೊಂಡು ದಾತು ಕತ್ತು ನಿಮಿರಿಸಿ ನಿಂತಿತ್ತು, ನೀನು ಗೆಲ್ಲದಿದ್ದರೆ ಅವನು ಸಾಯುತ್ತಿರಲಿಲ್ಲ, ಎಂದಳು ಅದಕ್ಕೆ, ಚೀಲ ಹಾಕಿದಳು, ಅದು ಮಣಿಕಟ್ಟು ಸೀಳಿತು, ಸೀಳಲಿ, ಚೀಲದೊಳಗೆ ಬೆಚ್ಚಗೆ ಡವಡವ ಬಡಿಯುತ್ತಿತ್ತು ಎದೆ, ಗುಡುಗಿಗೆ ಹೆದರಿ ಮಂಚದಡಿ ನುಗ್ಗಿದ ಬುಲಾಕ್‌ನ ಎದೆಯೂ ಹೀಗೇ ಬಡಿಯುತ್ತಿತ್ತು, ಒಂದು ಗಳಿಗೆ ಕೈ ಸಡಿಲಾಯಿತು, ಆಮೇಲೆ ಮೆಟ್ಟಿಲು ನೆನಪಾಯಿತು, ತಟ್ಟೆ, ಎಲುಬು, ಬಾರೋ ನನ್ನ ರಾಜ — ಕತ್ತು ತಿರುಚಿದಳು. ವಿನಿಗರ್, ಬೆಳ್ಳುಳ್ಳಿ, ಮೆಣಸುಕಾಳು, ಮೆತ್ತಗಾಗಲೆಂದು ಹಸಿ ಪರಂಗಿಕಾಯಿ, ಕಾಳಗದ ಹುಂಜ ಎಷ್ಟು ಬೇಯಿಸಿದರೂ ಬಗ್ಗುವುದಿಲ್ಲ. ಒಲೆಯ ಮುಂದೆ ಕೂತು ಫೋನು ನೋಡುವುದೇ ಒಂದು ಸುಖ, ಮಧ್ಯಾಹ್ನದಿಂದ ಚುಕ್ಕಿ ಹುಚ್ಚು ಹಿಡಿದ ಹಾಗೆ ತಿರುಗುತ್ತಿತ್ತು, ಆ ಸಂದಿ ಈ ಸಂದಿ, ಶಾಲೆಯ ಹಿಂದೆ, ಸ್ಮಶಾನದ ಬೇಲಿ, ಅಕ್ಕಿ ಗಿರಣಿ, ಹೊರಟಲ್ಲಿಗೇ ಮತ್ತೆ, ಹುಡುಕು, ಹುಡುಕು, ನಾನೂ ಹೀಗೆಯೇ ಹುಡುಕಿದೆ, ಎಲುಬು ಕೈಯಲ್ಲಿ ಹಿಡಿದುಕೊಂಡೇ ಬೇಲಿಬೇಲಿಗೆ ಹೋಗಿ ಕೂಗಿದೆ.

ಬಂತು ಮನೆ. ಫೋನಿನ ಹೆಂಗಸು ಇಂದಿನ ಗುರಿ ಮುಟ್ಟಿದಿರಿ ಎಂದಳು. ಬನ್ನಿ ಕುಮಾರೆ, ಊಟ ಮಾಡೋಣ ಬನ್ನಿ, ಅಯ್ಯೋ, ತಟ್ಟೆ ತುಂಬಿಸ್ಕೊಂಡು ಬಂದ್ರಾ, ಇದೆಲ್ಲ ಯಾಕೆ ಬೇಕಿತ್ತು, ಎನ್ನುತ್ತಲೇ ಸಾಬೆಲ್ ಅನ್ನ ಬಡಿಸಿದಳು, ಒಂಬತ್ತನೇ ದಿನದ ಅಡುಗೆ ಎಂದಳು ಪೂರಿಂಗ್, ಯಾರದ್ದು ಎಂದು ಸಾಬೆಲ್ ಕೇಳಲಿಲ್ಲ, ಊರಲ್ಲಿ ಯಾರೋ ಸಾಯುತ್ತಲೇ ಇರುತ್ತಾರೆ. ದುಲ್ಫೊ ಬಂದ, ಕೀಲಿಗೊಂಚಲನ್ನು ಮೇಜಿನ ಮೇಲೆ ಒಗೆದ, ಕಣ್ಣು ಕೆಂಪಗಿತ್ತು, ಯಾವನೋ ನನ್ನ ದಾತುನ ಕದ್ದ, ಕುಮಾರೆ, ಮಗನ ಹಾಗೆ ಸಾಕಿದ್ದೆ, ಕೈಗೆ ಸಿಕ್ಕಿದ್ರೆ ಸಿಗಿದು ಹಾಕ್ತೀನಿ. ಒಂಬತ್ತು ದಿನ ನಾಲಗೆಯ ಕೆಳಗೆ ಇಟ್ಟುಕೊಂಡದ್ದನ್ನು ಪೂರಿಂಗ್ ಮೆಲ್ಲಗೆ ತೆಗೆದಳು, ಯಾವ್ದೋ ಹೆಣ್ಣುಕೋಳಿ ಹಿಂದೆ ಹೋಗಿರ್ಬೇಕು ಕುಂಪಾರೆ, ಗಂಡು ಜಾತಿ ಅಲ್ವಾ, ಬರುತ್ತೆ ಬಿಡಿ, ಮೊದ್ಲು ತಿನ್ನಿ. ತಿಂದ. ಅನ್ನ ಕಲಸಿ ತಿಂದ, ಅಗಿದ, ಅಗಿದ, ಮಾಂಸ ಸ್ವಲ್ಪ ಗಟ್ಟಿ, ಆದ್ರೆ ರುಚಿ ಇದೆ ಬಿಡಿ, ನಿಮ್ಮ ಕೈ ಅಂದ್ರೆ ಕೈ, ಸಾಬೆಲ್, ಇನ್ನೊಂದು ಸೌಟು ಹಾಕು, ಎಂದ, ಮಾಡಿದ್ದುಣ್ಣೋ ಮಹಾರಾಯ, ಉಣ್ಣು, ಚೀಪು, ಸುಖ ಎಂದರೆ ಇದೇ, ಹೊಟ್ಟೆಯೊಳಗೆ ಒಂಬತ್ತು ದಿನದಿಂದ ಕೂತಿದ್ದ ಕಲ್ಲು ಕರಗುತ್ತಿದೆ, ಕೊನೆಯ ತುತ್ತು ಇಳಿಯಲಿ, ಆಮೇಲೆ ಹೇಳುತ್ತೇನೆ, ಮುಖ ನೋಡಿಕೊಂಡು ಹೇಳುತ್ತೇನೆ.

ಫೋನು ನಡುಗಿತು, ಲಿವಾಯ್, ವಿಡಿಯೊ ಕರೆ, ಅಮ್ಮಾ, ಇವತ್ತು ನೀಲಿ ಕಿತ್ತಳೆ ಎರಡೂ ಒಂದೇ ಕಡೆ, ಒಂದರ ಮೇಲೊಂದು ಕೂತಿವೆ, ಸಿಕ್ಬಿದ್ರಿ ಇಬ್ರೂ, ತೋರ್ಸು ಅವನ್ನ, ತೊಡೆ ಮೇಲೆ ಮಲಗಿಸ್ಕೊಂಡಿದ್ದೀಯಾ. ಇದನ್ನು ಅವಳು ಎಣಿಸಿರಲಿಲ್ಲ. ಆದರೂ ಕೈ ತಾನೇ ಫೋನನ್ನು ದುಲ್ಫೊನ ಕಡೆ ತಿರುಗಿಸಿತು, ನಿನ್ನ ನಿನೊಂಗ್‌ನ ಕೇಳು ಮಗಳೇ, ಅವರಿಗೆ ಗೊತ್ತು. ನಿನೊಂಗ್, ಊಟ ಆಯ್ತಾ, ಬುಲಾಕ್ ಎಲ್ಲಿ, ಇದೇನು, ಅವನ ಗುಂಡಿ ನಿಮ್ಮ ಕೀಲಿಗೊಂಚಲಲ್ಲಿ ಯಾಕಿದೆ. ಅಗಿಯುವುದು ನಿಂತಿತು. ಕೀಲಿಗೊಂಚಲು ನೋಡಿದ, ಅವಳ ಮಣಿಕಟ್ಟಿನ ಗೀರು ನೋಡಿದ, ಬೆರಳುಗಳ ನಡುವಿನ ಕಾಲೆಲುಬು ನೋಡಿದ, ಎಷ್ಟು ಸಲ ಎಣ್ಣೆ ಹಚ್ಚಿ ನೀವಿದ ಕಾಲು, ಮುಖದ ಬಣ್ಣ ಇಳಿಯಿತು, ಇಳಿಯುವುದನ್ನು ಪೂರಿಂಗ್ ಕಣ್ತುಂಬ ನೋಡಿದಳು, ಇಷ್ಟಕ್ಕೇ ತಾನೆ ಬಂದದ್ದು. ಅವನು ಫೋನಿಗೆ ಕೇಳದಷ್ಟು ಮೆಲ್ಲಗೆ ಹೇಳಿದ, ಹೇಳಿ ಕುಮಾರೆ, ಮಗಳಿಗೆ ಹೇಳಿ, ಪೂರ್ತಿ ಹೇಳಿ, ಅವತ್ತು ಆ ತಟ್ಟೆ ಖಾಲಿ ಮಾಡಿದ್ದು ಯಾರು ಅಂತಾನೂ ಹೇಳಿ. ಯಾವ ತಟ್ಟೆ ಎಂದಳು ಸಾಬೆಲ್. ನಿನೊಂಗ್, ನಾನೇ ಕರೀತೀನಿ ತಾಳಿ, ನನ್ನ ದನಿ ಕೇಳಿದ್ರೆ ಎಲ್ಲಿದ್ರೂ ಓಡ್ಬರ್ತಾನೆ, ಎಂದು ಲಿವಾಯ್ ನಾಲಗೆ ಲೊಚಗುಟ್ಟಿದಳು, ಬುಲಾಕ್, ಬಾರೋ, ತೈಪೆಯಿಂದ ಆ ದನಿ ಈ ಅಡುಗೆಮನೆಯ ಪಾತ್ರೆಗಳ ನಡುವೆ, ಬುಲಾಕ್, ಬುಲಾಕ್, ಪೂರಿಂಗ್ ಬಾಯಿ ತೆರೆದಳು, ಹಿಂದಿನ ಮೆಟ್ಟಿಲು, ಕೈಯಲ್ಲಿ ನೀಲಿ ಅಂಚಿನ ತಟ್ಟೆ, ತಟ್ಟೆಯಲ್ಲಿ ಎಲುಬು, ತುಟಿಯ ಮೇಲೆ ಇನ್ನೂ ಆರದ ಜಿಡ್ಡು, ಬಾರೋ, ಬಾರೋ ನನ್ನ ರಾಜ, ನಿಂಗೇ ಇಟ್ಟಿದ್ದೀನಿ —