ಎರೆಮಣ್ಣಿನಲ್ಲಿ ಸಂಪು ತೋಡಿಸುವ ಮುಂಚೆ

"ಎಂಟ್ನೇ ಕ್ಲಾಸಲ್ಲಿ ಇಸ್ಕೂಲ್ ಬುಟ್ಟೋನು ನಂಗೆ ಮಣ್ಣಿನ್ ಪಾಠ ಮಾಡಕ್ ಬಂದವ್ನೆ ಕಣ್ರಲಾ. ನೋಡ್ಕಳಿ ಮಕವಾ."

ಹೊಸ ಮನೆ ಕಟ್ಟಿಸಲು ಹೊರಟಿದ್ದ ಹೊನ್ನಯ್ಯಣ್ಣ ಇದನ್ನು ಹೇಳಿದ್ದು ಕೆರಗೋಡಿನ ಟೀ ಅಂಗಡಿಯಲ್ಲಿ, ಹತ್ತು ಹನ್ನೆರಡು ಜನರ ಮುಂದೆ. ಹೇಳಿದ್ದು ನನಗೆ. ನಾನು ಸುಹೇಲ್, ಮದ್ದೂರಿನವನು. ನಮ್ಮ ಮಾವ ನಯಾಜ್ ಪಾಷಾ ಅವರ ಜೆಸಿಬಿ ಓಡಿಸುತ್ತೇನೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೂ ನಿಜ.

ನಾನು ಅವರಿಗೆ ಹೇಳಿದ್ದು ಒಂದೇ ಮಾತು. "ಅಣ್ಣ, ಸಂಪು ತೋಡಾಕ್ ಮುಂಚೆ ಪಕ್ಕದಲ್ಲಿ ಒಂದ್ ಸಣ್ಣ ಗುಂಡಿ ತೆಗ್ದು ಒಳ್ಗೆ ಎಂಥ ಮಣ್ಣದೆ ಅಂತ ನೋಡಾನ." ಅಷ್ಟಕ್ಕೆ ಈ ಬಹುಮಾನ.

ಎಲ್ಲರೂ ನಕ್ಕರು. ಗ್ಲಾಸು ತೊಳೆಯುತ್ತಿದ್ದವನು ಕೂಡ ಕೈ ನಿಲ್ಲಿಸಿ ನಕ್ಕ.

"ಮಳವಳ್ಳಿ ಮಹದೇವು ಪಕ್ಕದೂರಲ್ಲೇ ಅವ್ನೆ, ದೊಡ್ಡ ಇಟಾಚಿ ಮಿಷನ್ ತಂದವ್ನೆ," ಅಂದರು ಹೊನ್ನಯ್ಯಣ್ಣ. "ಅದ್ರ ಮುಂದೆ ನಿಮ್ದು ಆಟದ್ ಸಾಮಾನು ಕಣ್ಲಾ. ಬಂದಿರೋ ಮಿಷನ್ ಬುಟ್ಟು ನಿನ್ ಗುಂಡಿ ನೋಡ್ಕಂಡು ಕೂರ್ಲಾ ನಾನು?"

ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಇದೇ. ಪಕ್ಕದವನ ಕೆಲಸಕ್ಕೆ ಮಿಷನ್ ಬಂದಿದೆ, ಹಾಗೇ ನಮ್ಮದೂ ಒಂದು ಗುಂಡಿ ತೆಗೆಸಿಬಿಡೋಣ ಅನ್ನುತ್ತಾರೆ. ಆ ಮಿಷನ್ನಿನವನಿಗೆ ಈ ಮಣ್ಣು ಗೊತ್ತಾ, ಇದಕ್ಕೆ ಮುಂಚೆ ಎಲ್ಲಿ ತೋಡಿದ್ದಾನೆ, ಯಾರೂ ಕೇಳುವುದಿಲ್ಲ. ಹೆಣ್ಣು ನೋಡಲು ಹೋದಾಗ ಮೂರು ತಲೆಮಾರು ವಿಚಾರಿಸುತ್ತಾರೆ. ಮನೆ ಕಟ್ಟುವ ನೆಲದ ವಿಷಯ ಒಂದು ಮಾತು ವಿಚಾರಿಸುವುದಿಲ್ಲ.

ಟೀ ಅರ್ಧಕ್ಕೆ ಬಿಟ್ಟು ಬೈಕ್ ಹತ್ತಿದೆ. ಊರಾಚೆ ಅವರ ಸೈಟಿನ ಹತ್ತಿರ ಬರುವಾಗ ಇಂದ್ರಮ್ಮ ಕೈ ಅಡ್ಡ ಹಾಕಿ ನಿಲ್ಲಿಸಿದರು. ಹೊನ್ನಯ್ಯಣ್ಣನ ಹೆಂಡತಿ. ನಿಡಘಟ್ಟದಲ್ಲಿ ಅವರ ತಮ್ಮನ ಹೊಲ ಮಟ್ಟ ಮಾಡಿಕೊಟ್ಟವನು ನಾನೇ. ಅದನ್ನು ನೋಡಿ ನನ್ನನ್ನು ಕರೆಸಿದ್ದೂ ಅವರೇ.

"ನಿನ್ ಮಕ ನೋಡುದ್ರೇ ಗೊತ್ತಾಯ್ತದೆ ಕಣಪ್ಪ, ಅವ್ರು ಏನೋ ಅಂದವ್ರೆ. ಅವ್ರ ಬಾಯೇ ಅಂಗೆ. ನೀನು ಕ್ವಾಪ ಪಕ್ಕಕ್ ಮಡಗಿ ಯೋಳು, ಏನ್ ಕಂಡೆ ಇಲ್ಲಿ?"

ಕೋಪ ಪಕ್ಕಕ್ಕಿಡಲು ಆಗಲಿಲ್ಲ. ಹಾಗೇ ಹೇಳಿದೆ. "ಅಕ್ಕ, ಇಲ್ಲಿ ನೋಡಿ. ನೆಲ ಎಂಗೆ ಬಿರ್ದದೆ. ನನ್ ಕೈ ಮಣಿಕಟ್ಟಿನ್ ತನ್ಕ ಓಯ್ತದೆ ಬಿರುಕ್ನಲ್ಲಿ. ಇದು ಎರೆಮಣ್ಣು. ಒಣಗಿದ್ರೆ ಕಲ್ಲು, ನೀರು ಕುಡುದ್ರೆ ಮುದ್ದೆ. ಇದ್ರಲ್ಲಿ ಒಂಬತ್ತಡಿ ಗುಂಡಿ ನೆಟ್ಟಗೆ ಕುಯ್ದ್ರೆ ನಿಲ್ಲಾಕಿಲ್ಲ."

"ನಿಡಘಟ್ಟದ್ ಕಡೆ ನಿಲ್ತದಲ್ಲ?"

"ನಿಮ್ ತಮ್ಮನ್ ಹೊಲ ಕೆಮ್ಮಣ್ಣು, ಕೆಳಗೆ ಗರಸು. ಅದ್ರ ಲೆಕ್ಕ ಬೇರೆ. ಮಹದೇವು ತೋಡೋ ಮಳವಳ್ಳಿ ಕಡೆ ಎರಡಡಿಗೆ ಬಂಡೆ ಸಿಗ್ತದೆ. ಅದು ಇನ್ನೊಂದು ಲೆಕ್ಕ. ಒಂದೇ ಜಿಲ್ಲೆ ಅಂತ ಒಂದೇ ಮಣ್ಣಾ ಅಕ್ಕ? ದುದ್ದದಲ್ಲಿ ಒಂದೇ ಹೊಲ್ದಲ್ಲಿ ಈ ಬದಿಗೆ ಮರಳು, ಆ ಬದಿಗೆ ಜೇಡಿ ನೋಡಿವ್ನಿ ನಾನು."

ಇಂದ್ರಮ್ಮ ಬಗ್ಗಿ ಬಿರುಕಿನೊಳಗೆ ತಮ್ಮ ಕೈಯನ್ನೂ ಇಳಿಸಿ ನೋಡಿದರು. ಸೈಟಿಗೆ ಅಂಟಿಕೊಂಡೇ ಮರಿಸಿದ್ದಯ್ಯನವರ ಗದ್ದೆ. ನಡುವೆ ಒಂದು ಬದು, ಅಷ್ಟೇ. ನಾಲೆ ನೀರು ನಿಂತು ವಾರವಾಗಿತ್ತು. ನಮ್ಮ ಕಡೆ ನಾಲೆಗೆ ಒಂದಷ್ಟು ದಿನ ನೀರು ಬಿಡುತ್ತಾರೆ, ಒಂದಷ್ಟು ದಿನ ನಿಲ್ಲಿಸುತ್ತಾರೆ. ನಿಂತ ದಿನಗಳಲ್ಲಿ ಮಿಷನ್ನುಗಳಿಗೆ ಬಿಡುವಿರುವುದಿಲ್ಲ, ನೆಲ ಗಟ್ಟಿ ಇರುತ್ತದಲ್ಲ. ಆ ಗಟ್ಟಿತನವನ್ನು ನಂಬಿಯೇ ಎಲ್ಲರೂ ಕೆಡುವುದು.

"ನಾಲೆ ನೀರು ಬಂದ್ ದಿನ ಇವ್ರು ಗದ್ದೆಗೆ ಕಟ್ಕತಾರೆ," ಅಂದೆ. "ಆ ನೀರು ಬಿರುಕ್ನಲ್ಲಿ ಇತ್ಲಾಗ್ ಬತ್ತದೆ. ಮೇಲೆ ನೋಡಿದ್ರೆ ಗೊತ್ತಾಗಾಕಿಲ್ಲ. ಗೋಡೆ ಒಳ್ಗಿಂದ ಮೆತ್ತಗಾಯ್ತದೆ. ಯಾರು ತೋಡುದ್ರೂ ಸರಿ ಅಕ್ಕ, ಗೋಡೇನ ಮೆಟ್ಲು ಮೆಟ್ಲಾಗಿ ಅಗಲ ಮಾಡ್ಕಂಡು ಇಳೀರಿ ಅನ್ನಿ. ತೆಗ್ದಿದ್ ಮಣ್ಣು ಅಂಚಲ್ಲಿ ಗುಡ್ಡೆ ಆಕ್ಬ್ಯಾಡಿ ಅನ್ನಿ. ನೀರು ಬಂದ್ರೆ ಒಳಿಕ್ಕೆ ಯಾರ್ನೂ ಇಳಿಸ್ಬ್ಯಾಡಿ."

ಇಂದ್ರಮ್ಮ ಇದನ್ನೆಲ್ಲ ಗಂಡನಿಗೆ ಹೇಳಿದರಂತೆ. "ಆ ಹುಡ್ಗ ಕೆಲ್ಸ ಸಿಗ್ಲಿಲ್ಲ ಅಂತ ಕಣಿ ಯೋಳ್ತಾ ಅವ್ನೆ, ನೀನು ಕೇಳ್ಕಂಡು ಕೂತಿದ್ದೀಯ" ಅಂದರಂತೆ ಹೊನ್ನಯ್ಯಣ್ಣ.

ಎರಡು ದಿನ ಬಿಟ್ಟು ನನ್ನ ಫೋನಿಗೆ ಒಂದು ಫೋಟೊ ಬಂತು. ಕಳಿಸಿದ್ದು ಅವರ ಮಗ ಪುನೀತ್. ಸಂಪಿನ ಗುಂಡಿ. ಗೋಡೆ ಕತ್ತಿಯಲ್ಲಿ ಕುಯ್ದ ಬೆಣ್ಣೆಯ ಹಾಗೆ ನೆಟ್ಟಗಿತ್ತು. ಅಂಚಿನಲ್ಲೇ ಆಳೆತ್ತರ ಮಣ್ಣಿನ ಗುಡ್ಡೆ. ಕೆಳಗೆ ಬರೆದಿದ್ದ, "ಅಪ್ಪ ತೋರ್ಸು ಅಂದ್ರು ಕಣಣ್ಣ, ಬೇಜಾರ್ ಮಾಡ್ಕಬೇಡ."

ನನಗೆ ಬೇಜಾರಾಗಲಿಲ್ಲ. ಕಣ್ಣು ಆ ಗುಡ್ಡೆ ಮೇಲೇ ಹೋಯಿತು. ಮಾವನಿಗೆ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ನೋಡಿ, "ನಾಲೆಗೆ ಯಾವತ್ತು ಬಿಡ್ತಾರೆ?" ಅಂತ ಕೇಳಿದರು.

ಆ ವಾರ ಮದ್ದೂರಿನಲ್ಲಿ ನಾನು ಮಾಡಿದ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಮಿಷನ್ ಮೇಲೆ ಕೂತರೆ ಇಳಿಯಬೇಕು ಅನ್ನಿಸುವುದು, ಇಳಿದರೆ ಫೋನ್ ನೋಡಬೇಕು ಅನ್ನಿಸುವುದು. ಅವರ ಗುಂಡಿ, ಅವರ ಹಣೆಬರಹ, ನನಗೇನು ಅಂತ ಗಂಟೆಗೊಂದು ಸಲ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಕೊನೆಗೆ ಇಂದ್ರಮ್ಮನಿಗೆ ಫೋನ್ ಮಾಡಿ, "ಅಕ್ಕ, ನೀರು ಬಂದ್ರೆ ಒಂದ್ ಮಾತು ತಿಳಿಸಿ" ಅಂದೆ.

ಐದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರೇ ಮಾಡಿದರು.

"ಸುಹೇಲಾ, ರಾತ್ರಿನೇ ನೀರು ಬಂದದೆ. ಮರಿಸಿದ್ದಯ್ಯನೋರು ಗದ್ದೆ ತುಂಬ ಕಟ್ಟವ್ರೆ."

"ಗುಂಡಿ ತಾವ ಯಾರವ್ರೆ ಅಕ್ಕ?"

"ಪುನೀತ ಒಳಿಕ್ ಇಳ್ದವ್ನೆ. ಮಿಷನ್ನು ಮೂಲೆ ದುಂಡುಗ್ ಬುಟ್ಟೋಗದೆ ನೋಡು, ಗುದ್ಲಿ ತಕಂಡು ಸಾಪ್ ಮಾಡ್ತಾವ್ನೆ."

"ಮೊದ್ಲು ಮ್ಯಾಲಕ್ ಕರೀರಿ. ಫೋನ್ ಮಡಗ್ಬ್ಯಾಡಿ. ಈಗ್ಲೇ ಕರೀರಿ."

ಅವರು ಓಡುವುದು ಕೇಳಿಸಿತು. ಆಮೇಲೆ ಹೊನ್ನಯ್ಯಣ್ಣನ ದನಿ. "ಅರ್ಧ ಗಂಟೆ ಕೆಲ್ಸ ಅದೆ. ಮುಗಿಸ್ಕಂಡು ಬತ್ತಾನೆ ಬುಡು. ಗೋಡೆ ಕಲ್ಲಿದ್ದಂಗದೆ, ಕಣ್ ಕಾಣಲ್ವಾ?"

"ಕಲ್ಲಾದ್ರೂ ಆಗ್ಲಿ, ಮಣ್ಣಾದ್ರೂ ಆಗ್ಲಿ. ಲೇ ಪುನೀತಾ, ಹತ್ತಲಾ ಮ್ಯಾಲಕ್ಕೆ."

"ಇರವ್ವ, ಇದೊಂದ್ ಮೂಲೆ."

"ನೀನ್ ಹತ್ಲಿಲ್ಲ ಅಂದ್ರೆ ನಾನೇ ಇಳೀತೀನಿ ನೋಡು."

ಏಣಿ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ತಾಯಿ ಮಗ ಕಿತ್ತಾಡಿದ್ದು. "ಸೀರೆ ಉಟ್ಕಂಡು ಏಣಿ ಇಳ್ಯಾಕೆ ಬಂದ್ಬುಟ್ಳು, ಊರೆಲ್ಲ ನಗ್ತದೆ" ಅನ್ನುತ್ತಿದ್ದ ಅವನು. "ನಗ್ಲಿ. ಇತ್ಲಾಗ್ ಬಾ, ಅಂಚಲ್ ನಿಂತ್ಕಬ್ಯಾಡ" ಅನ್ನುತ್ತಿದ್ದರು ಇವರು.

ಆಗ ಧೊಪ್ಪನೆ ಒಂದು ಸದ್ದು. ಲಾರಿಯಿಂದ ಹಸಿ ಮಣ್ಣು ಸುರಿದ ಹಾಗೆ.

ಆಮೇಲೆ ಯಾರ ದನಿಯೂ ಇಲ್ಲ. ಮದ್ದೂರಿನಲ್ಲಿ ರಸ್ತೆ ಮಧ್ಯೆ ನಿಂತು "ಅಕ್ಕ, ಅಕ್ಕ" ಅನ್ನುತ್ತಿದ್ದೇನೆ. ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

"ಅವ್ನೆ ಕಣಪ್ಪ," ಅಂದರು ಇಂದ್ರಮ್ಮ. "ನನ್ ಪಕ್ಕದಲ್ಲೇ ಅವ್ನೆ. ಏಣಿ ಇಲ್ಲ."

ನಾನೂ ಮಾವನೂ ಹೋಗುವ ಹೊತ್ತಿಗೆ ಅರ್ಧ ಊರು ಅಲ್ಲಿತ್ತು. ಗದ್ದೆ ಕಡೆಯ ಗೋಡೆ, ಅದರ ಮೇಲಿದ್ದ ಮಣ್ಣಿನ ಗುಡ್ಡೆ, ಎರಡೂ ಗುಂಡಿಯೊಳಗಿದ್ದವು. ಏಣಿಯ ತುದಿಯ ಒಂದು ಗೇಣು ಮಾತ್ರ ಕಾಣುತ್ತಿತ್ತು. ಗುದ್ದಲಿ ಕಾಣಲೇ ಇಲ್ಲ. ಹೊನ್ನಯ್ಯಣ್ಣ ಬದುವಿನ ಮೇಲೆ ಕೂತು ಮಗನ ತೋಳು ಹಿಡಿದುಕೊಂಡಿದ್ದರು. ಬಿಡುತ್ತಲೇ ಇರಲಿಲ್ಲ.

ಮಹದೇವೂ ಬಂದಿದ್ದ. "ನಮ್ ಕಡೆ ಇಂಗ್ ಕುಯ್ದ್ರೆ ವರ್ಸಾನುಗಟ್ಲೆ ನಿಂತಿರ್ತದೆ ಕಣಣ್ಣ" ಅಂದ. ಸುಳ್ಳಲ್ಲ. ಅವನು ಕೆಟ್ಟ ಕೆಲಸಗಾರನಲ್ಲ. ಬಂಡೆ ಒಡೆಯುವುದಿದ್ದರೆ ನಾನೇ ಅವನನ್ನು ಕರೆಯುತ್ತೇನೆ. ಆದರೆ ಈ ನೆಲದ ಬಗ್ಗೆ ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಮಾವ ಯಾರನ್ನೂ ಬೈಯಲಿಲ್ಲ. ಬೈಯಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. "ಹೊನ್ನಯ್ಯನೋರೆ, ನೀರು ನಿಲ್ಲ ತನ್ಕ ಇದ್ರ ತಂಟೆಗೆ ಓಗ್ಬ್ಯಾಡಿ. ಸುತ್ತ ಹಗ್ಗ ಕಟ್ಟಿ, ಮಕ್ಳು ಮರಿ ಬಂದಾವು" ಅಂದರು, ಅಷ್ಟೇ.

"ನೀವೇ ಬಂದು ಮಾಡ್ಕೊಡಿ ಪಾಷಾ ಸಾಬ್ರೆ," ಅಂದರು ಹೊನ್ನಯ್ಯಣ್ಣ. ನನ್ನ ಮುಖ ನೋಡಲಿಲ್ಲ.

ನೀರು ನಿಂತು ನೆಲ ಆರಿದ ಮೇಲೆ ಹೋದೆವು. ಮೊದಲು ಎರಡು ಕಡೆ ಸಣ್ಣ ಗುಂಡಿ ತೆಗೆದು ನೋಡಿದೆವು. ಗದ್ದೆ ಕಡೆ ಏಳಡಿ ತನಕ ಎರೆಮಣ್ಣೇ. ಸೈಟಿನ ಎತ್ತರದ ಮೂಲೆಯಲ್ಲಿ ಮೂರಡಿಗೇ ಗರಸು ಸಿಕ್ಕಿತು. ಸಂಪನ್ನು ಆ ಮೂಲೆಗೆ ತಳ್ಳಿದೆವು. ಗೋಡೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಅಗಲ ಮಾಡುತ್ತಾ ಇಳಿದೆವು, ಮಣ್ಣನ್ನು ದೂರ ಸುರಿದೆವು. ಮರಿಸಿದ್ದಯ್ಯನವರು ಕೆಲಸ ಮುಗಿಯುವ ತನಕ ಆ ಬದುವಿನ ಕಡೆಗೆ ನೀರು ಕಟ್ಟುವುದಿಲ್ಲ ಅಂತ ಒಪ್ಪಿಕೊಂಡರು. ಅವರನ್ನು ಕೇಳಿದ್ದು ಇಂದ್ರಮ್ಮ. ಮನೆಯ ಪಾಯ ಎಷ್ಟು ಆಳ ಇರಬೇಕು ಅಂತ ಹೊನ್ನಯ್ಯಣ್ಣ ನನ್ನನ್ನೇ ಕೇಳಿದರು. ಅದನ್ನು ಹೇಳಬೇಕಾದವನು ಇಂಜಿನಿಯರ್, ನಾನಲ್ಲ ಅಂದೆ. ಮಾರನೇ ದಿನವೇ ಮಂಡ್ಯದಿಂದ ಇಂಜಿನಿಯರನ್ನು ಕರೆಸಿದರು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ನಾಳೆಯೋ ನಾಳಿದ್ದೋ ಮಿಷನ್ ಕರೆಸುವವರೇ. ಸಂಪು, ಪಾಯ, ಕೃಷಿ ಹೊಂಡ, ಏನೇ ಇರಲಿ. ಮಿಷನ್ ಎಷ್ಟು ದೊಡ್ಡದು ಅಂತ ನೋಡಬೇಡಿ. ಓಡಿಸುವವನನ್ನು ಕೂರಿಸಿ ಕೇಳಿ. ಈ ಸುತ್ತಮುತ್ತ ಎಲ್ಲಿ ತೋಡಿದ್ದೀಯ, ಅಲ್ಲಿ ಒಳಗೆ ಏನು ಸಿಕ್ಕಿತು ಅಂತ ಕೇಳಿ. ಆ ಜಾಗಕ್ಕೆ ಹೋಗಿ ನೋಡಿಕೊಂಡು ಬನ್ನಿ. ಬಂಡೆ ಬಂದರೆ ಏನು ಮಾಡ್ತೀಯ, ನೀರು ಬಂದರೆ ಏನು ಮಾಡ್ತೀಯ, ತೆಗೆದ ಮಣ್ಣು ಎಲ್ಲಿ ಹಾಕ್ತೀಯ ಅಂತ ಮೊದಲೇ ಮಾತಾಡಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕರೆಂಟಿನ ಕೇಬಲ್ಲು, ನೀರಿನ ಪೈಪು ನೆಲದಡಿ ಎಲ್ಲಿ ಹೋಗಿದೆ ಅಂತ ಪಂಚಾಯಿತಿಯಲ್ಲಿ ವಿಚಾರಿಸಿ. ನೀವು ಕೂಡ ಮುಚ್ಚಿಡಬೇಡಿ. ಇಲ್ಲಿ ಮುಂಚೆ ಗದ್ದೆ ಇತ್ತು, ಹಳೇ ಬಾವಿ ಮುಚ್ಚಿದ್ದೇವೆ, ಮಳೆಗಾಲದಲ್ಲಿ ನೀರು ನಿಲ್ಲುತ್ತೆ, ಎಲ್ಲ ಹೇಳಿ. ಆಳೆತ್ತರದ ಗುಂಡಿಗೆ ಗೋಡೆ ಭದ್ರ ಮಾಡದೆ ಯಾರನ್ನೂ ಇಳಿಸಬೇಡಿ, ಒಂದು ಮೂಲೆ ಸಾಪ್ ಮಾಡುವುದಕ್ಕೂ ಬೇಡ. ಅಕಸ್ಮಾತ್ ಯಾರಾದರೂ ಮಣ್ಣಿನಡಿ ಸಿಕ್ಕಿಕೊಂಡರೆ ಎಳೆಯಲು ಇನ್ನೊಬ್ಬರು ಹಾರಬೇಡಿ, ಇನ್ನೊಂದು ಗೋಡೆ ಅವರ ಮೇಲೆ ಬೀಳುತ್ತದೆ. ಮೊದಲು 112ಕ್ಕೆ ಫೋನ್ ಮಾಡಿ.

ಸಂಪಿನ ಕೆಲಸ ಮುಗಿದ ಸಂಜೆ ನಾನು ಹೊರಡುತ್ತಿದ್ದೆ. ಪುನೀತ್ ಆಚೆ ನಿಂತು ಸಂಪಿನ ಹೊಸ ಸಿಮೆಂಟ್ ಗೋಡೆಗೆ ಪೈಪಿನಲ್ಲಿ ನೀರು ಹಿಡಿಯುತ್ತಾ ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದ. ಹೊನ್ನಯ್ಯಣ್ಣ ನನ್ನ ಹತ್ತಿರ ಬಂದರು.

"ಅವತ್ತು ಇವ್ಳು ನಿಂಗೆ ಫೋನ್ ಮಾಡ್ದೇ ಇದ್ದಿದ್ರೆ ಏನಾಯ್ತಿತ್ತಪ್ಪ ಸುಹೇಲಾ?"

ನಾನು ಪುನೀತನ ಕಡೆ ನೋಡಿದೆ. ಆಮೇಲೆ ಮಿಷನ್ ಕಡೆ ನಡೆದುಬಿಟ್ಟೆ.