ಸೋದರಮಾವನ ಪಾಲು

ಈಶಾನ್ಯದ ಬೆಟ್ಟಸೀಮೆಯ ನಮ್ಮ ಕೋಮ್ ಜನರ ಭಾಷೆಯಲ್ಲಿ ಒಂದನೇ ತರಗತಿಯ ಪುಸ್ತಕ ಬರೆದವಳು ನಾನು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಆರು ವರ್ಷ ಕೂತು ಬರೆದದ್ದು. ಅದು ಶಾಲೆಗೆ ಬರುವುದಿಲ್ಲವಂತೆ. ನಮ್ಮದು ಬೇರೆ ಭಾಷೆಯೇ ಅಲ್ಲವಂತೆ, ಬೆಟ್ಟದಾಚೆಯ ದೊಡ್ಡ ಗುಂಪಿನವರ ಭಾಷೆಯದೇ ಒಂದು ಬಗೆಯಂತೆ. ಅವರ ಪುಸ್ತಕವೇ ಸಾಕಂತೆ. ಹಾಗೆಂದು ಊರ ಪರವಾಗಿ ಸಹಿ ಹಾಕಿದವನು ಊರಿನ ಕಾರ್ಯದರ್ಶಿ ಲಾಲ್‌ಸೊನ್. ನನ್ನ ಸ್ವಂತ ತಮ್ಮ!

ನಮ್ಮನ್ನು ಯಾವುದೋ ಕೊಂಬೆಗೆ ಕಟ್ಟಿಹಾಕುವ ಚಟ ಇವನಿಂದ ಶುರುವಾದದ್ದಲ್ಲ. ಹಿಂದೆ ಬಿಳಿ ಸಾಹೇಬರು 'ಹಳೇ ಕುಕಿ' ಪಂಗಡ ಎಂದು ಬರೆದುಕೊಂಡು ಹೋದರು. ಆಮೇಲೆ ಬಂದ ವಿದ್ವಾಂಸರು ನೆರೆಯ ಐಮೋಲ್, ಚಿರು ಭಾಷೆಗಳ ಜತೆ ಸೇರಿಸಿ ಕುಕಿ ಭಾಷೆಗಳ ವಾಯವ್ಯ ಶಾಖೆ ಎಂದರು. ಹಾಳಾಗಲಿ, ಅವರು ಒಲೆಯ ಪಕ್ಕ ಕೂತು ನಮ್ಮ ಮಾತನ್ನಾದರೂ ಕೇಳಿಸಿಕೊಂಡರು. ಇವನು ಯಾರನ್ನೂ ಕೇಳಲಿಲ್ಲ.

ಸುದ್ದಿ ಗೊತ್ತಾದ ವಾರದಲ್ಲೇ ನನ್ನ ಮಗನ ಹೊಸ ಮನೆಯ ಊಟ. ಕಡಿದ ಹಂದಿಯ ಕತ್ತಿನ ಮಾಂಸ ಸೋದರಮಾವನದು. ಅದನ್ನು ಕೈಗೆತ್ತಿಕೊಂಡು ಅವನು ಹರಸಿದ ಮೇಲೆಯೇ ಒಕ್ಕಲು ಹೋಗುವುದು. ಲಾಲ್‌ಸೊನ್ ಶಾಲು ಹೊದ್ದು ಠೀವಿಯಿಂದ ಕೂತಿದ್ದ. ನಾನು ಅವನ ಮುಂದೆ ಎಲೆಯಲ್ಲಿ ಬೆಂದ ನಾಲ್ಕು ತುಂಡು ಇಟ್ಟೆ. ನೆಂಟರಲ್ಲದವರಿಗೆ ಕೊಡುವ ಪಾಲು ಅದು.

"ಅಕ್ಕಾ, ಇದೇನಿದು? ಕತ್ತು ಎಲ್ಲಿ?"

"ಅದು ನಮ್ಮೋರಿಗೆ. ನೀನು ಆಚೆಯವನು ಅಂತ ನೀನೇ ಬರ್ಕೊಟ್ಟಿದೀಯಲ್ಲ. ಅವರ ಮನೇಲೇ ಹೋಗಿ ಕೇಳು."

"ಶಾಲೆಗೆ ಹೊಸ ಕಟ್ಟಡ ಕೊಡ್ತೀವಿ ಅಂದ್ರು ಕಣಕ್ಕಾ. ಒಂದು ಸಹಿ. ಅಷ್ಟಕ್ಕೇ ನಿನ್ನ ನಾಲಿಗೆ ಬಿದ್ದೋಯ್ತಾ?"

"ನಂದಲ್ವೋ, ಮೊಮ್ಮಗಳದು! ನಾಳೆ ಶಾಲೇಲಿ ಅವಳು ಬಾಯಿಬಿಟ್ರೆ ತಪ್ಪು ತಪ್ಪು ಅಂತ ತಿದ್ತಾರೆ. ನಿನ್ನ ಹೊಸ ಕಟ್ಟಡದಲ್ಲೇ ಕೂರಿಸಿ ತಿದ್ತಾರೆ."

ಮಗ ಬಂದು ಕೈ ಹಿಡಿದುಕೊಂಡ. "ಅಮ್ಮಾ, ಇವತ್ತೊಂದಿನ ಬಿಟ್ಟುಬಿಡಮ್ಮ. ಮಾವ ಹರಸದೆ ಈ ಮನೇಲಿ ಹೇಗಿರ್ಲಿ?"

ನಾನು ಕೈ ಬಿಡಿಸಿಕೊಂಡೆ. ಕತ್ತು ಕೊಡಲಿಲ್ಲ.

ಲಾಲ್‌ಸೊನ್ ಎಲೆಯನ್ನು ಒದ್ದು ಎದ್ದ. ನಮ್ಮವ್ವ ಬೈಯುತ್ತಿದ್ದ ಅಪ್ಪಟ ಕೋಮ್ ಬೈಗುಳಗಳನ್ನೆಲ್ಲ ಒಂದೂ ಬಿಡದೆ ನನ್ನ ಮೇಲೆ ಸುರಿದ. ಬಂದವರೆಲ್ಲ ಊಟ ಬಿಟ್ಟು ನೋಡುತ್ತಿದ್ದರು.

"ಇದು ಯಾವ ಭಾಷೆಯೋ? ಅದನ್ನೂ ಬರ್ಕೊಡು, ಹೋಗು" ಎಂದೆ.

ಅವನು ಹೊಸಿಲು ದಾಟಿ, ಹರಸದೆ ಹೊರಟುಹೋದ.

ಸಹಿ ಇನ್ನೂ ಹಾಗೇ ಇದೆ. ಹೊಸ ಮನೆಗೆ ಬೀಗ. ಮಗ ಸಂಸಾರದೊಂದಿಗೆ ನನ್ನ ಮನೆಯಲ್ಲೇ ಇದ್ದಾನೆ, ನನ್ನ ಜತೆ ಮಾತು ಬಿಟ್ಟಿದ್ದಾನೆ. ಮೊಮ್ಮಗಳು ಬಿಟ್ಟಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೋಮ್‌ನಲ್ಲಿ ವಟಗುಟ್ಟುತ್ತಲೇ ಇರುತ್ತಾಳೆ. ಬರುವ ಫೆಬ್ರವರಿಗೆ ಇಲ್ಲಿ ಶಾಲೆಯ ಹೊಸ ವರ್ಷ, ಅವಳನ್ನು ಸೇರಿಸಬೇಕು.